ತೊರೆದಳು ಎಂಬ ಒಂದು ಮಾತು

ಬೀದರ್, ಕೆಳಓಣಿ
೨೩೮೮ನೇ ಇಸವಿ, ಫೆಬ್ರವರಿ ೩೦

ನನಗಿಂತ ಮೊದಲು ಕನ್ನಡ ಆಡಿದವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ಇಂಥದೊಂದು ದಿನ ನಿಮ್ಮಲ್ಲಿ ಇರಲಿಲ್ಲವೆಂದು ನನಗೆ ಗೊತ್ತು. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಕೊಟ್ಟು, ಮಿಕ್ಕ ಐದನ್ನು ವರ್ಷದ ಕೊನೆಗೆ ಸುಮ್ಮನೆ ಮಲಗಲಿಕ್ಕೆ ಇಟ್ಟುಕೊಂಡಿದ್ದೇವೆ. ಇಡೀ ಕ್ಯಾಲೆಂಡರಿನಲ್ಲಿ ನನಗೆ ಮನಸ್ಸಿಗೆ ಬಂದ ದಿನಗಳು ಆ ಐದೇ. ಈ ಓಲೆಯ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಅದಕ್ಕೆ ಈಗಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಮಾತು ನಮಗೆ ಅದಕ್ಕಿಂತ ವಿಚಿತ್ರವಾಗಿ ಕಂಡಿದೆ. ಅದರಲ್ಲಿ ಒಂದೇ ಒಂದು ಮಾತನ್ನು ತಪ್ಪಾಗಿ ಓದಿ ನಾನು ಮಾಡಿದ ಅನಾಹುತವನ್ನು ಹೇಳಲಿಕ್ಕೆ ಕೂತಿದ್ದೇನೆ.

ನನ್ನ ಹೆಸರು ನೀಲಗಂಗಾ. ವಯಸ್ಸು ಅರವತ್ತೊಂಬತ್ತು. ಕೆಳಓಣಿಯ ಮೈಮಾತಿನವಳಾಗಿ ಇಪ್ಪತ್ತೊಂಬತ್ತು ವರ್ಷ ದುಡಿದು ಈ ತಿಂಗಳು ಬಿಡುತ್ತಿದ್ದೇನೆ. ಮೈಮಾತು ಎಂದರೆ ಏನೆಂದು ಮುಂದೆ ಹೇಳುತ್ತೇನೆ. ಕೆಲಸ ಬಿಡುವವರು ಹಿಂದಿನವರಿಗೆ ಒಂದು ಹಿಂದೋಲೆ ಬರೆಯುವುದು ನಮ್ಮ ಪದ್ಧತಿ. ಅದು ಯಾರಿಗೂ ಮುಟ್ಟುವುದಿಲ್ಲವೆಂದು ಎಲ್ಲರಿಗೂ ಗೊತ್ತಿದೆ, ಆದರೂ ಬರೆಯುತ್ತೇವೆ. ನನಗೆ ಸಾಕಾಗಿದೆ. ಆದರೆ ನನ್ನ ಮೊಮ್ಮಗಳು ಪುತಳಾ ಹೆತ್ತ ಹೆಣ್ಣುಕೂಸಿಗೆ ಇಂದು ಎಂಟನೇ ದಿನ. ಆ ಕೂಸಿನ ಕೊರಳಿಗೆ ಓಣಿಯ ಕೊನೆಯ ಚಿಕ್ಕ ಪಟ್ಟಿ ಬೀಳುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಈ ವಾರವೆಲ್ಲ ನನ್ನ ತಲೆಯ ಮೇಲೆ ಕೂತಿತ್ತು. ಅದನ್ನು ಹೇಳದೆ ಏಳುವಂತಿಲ್ಲ.

ನಾವು ಇರುವುದು ನೆಲದ ಕೆಳಗೆ. ಬೀದರಿನ ಕೆಂಪು ಕಲ್ಲಿನ ಒಳಗೆ ನೀರು ಹರಿಸಲಿಕ್ಕೆ ನಿಮಗಿಂತಲೂ ಹಿಂದಿನವರು ಸುರಂಗ ತೋಡಿಸಿದ್ದರಲ್ಲ, ಅದರ ಎರಡೂ ಬದಿಗೆ ಕೋಣೆ ಕೊರೆದು ಓಣಿ ಮಾಡಿಕೊಂಡಿದ್ದೇವೆ. ಮೇಲಿನ ಬಿಸಿಲು ವರ್ಷದ ಎಂಟು ತಿಂಗಳು ಮನುಷ್ಯರು ತಡೆಯುವಂಥದಲ್ಲ. ಬೆಳಕು ಹಳೆಯ ಬಾವಿಗಳ ಬಾಯಿಯಿಂದ ಇಳಿಯುತ್ತದೆ, ಬೆಳಗಿನ ಹೊತ್ತು ಒಂದು ಮನೆಗೆ, ಮಧ್ಯಾಹ್ನ ಇನ್ನೊಂದು ಮನೆಗೆ. ಬಟ್ಟೆ ಒಣಗಿಸುವವರು ಬೆಳಕಿನ ಹಿಂದೆ ಹಗ್ಗ ಹಿಡಿದು ಮನೆಯಿಂದ ಮನೆಗೆ ಹೋಗುತ್ತಾರೆ. ಯಾರ ಒದ್ದೆ ಸೀರೆ ಯಾರ ಅಡುಗೆಮನೆಯಲ್ಲಿ ಎಂಬ ಜಗಳ ನಾನು ಹುಟ್ಟುವ ಮೊದಲೇ ಶುರುವಾಗಿದ್ದು ಇನ್ನೂ ಮುಗಿದಿಲ್ಲ. ಜೋಳ ಮೇಲೆ ಬೆಳೆಯುತ್ತದೆ. ಬಿತ್ತುವವರು, ಕೊಯ್ಯುವವರು ಸೂರ್ಯ ಕಣ್ಣು ಬಿಡುವ ಮೊದಲು ಹೋಗಿ ಬಂದುಬಿಡುತ್ತಾರೆ. ಮೇಲೆಯೇ ಇರುವವರು ಆಡು ಕಾಯುವ ನಾಲ್ಕು ಮನೆಯವರು ಮಾತ್ರ. ಕಲ್ಲಿನ ಕಮಾನುಗಳ ನೆರಳಲ್ಲಿ ಅವರು ಹೇಗೆ ಬದುಕಿದ್ದಾರೋ ನಮಗೆ ತಿಳಿಯದು. ನಾವು ಕೇಳಿಯೂ ಇಲ್ಲ.

ಬಿಸಿ ಏರಿದ ಕಾಲದಲ್ಲಿ ಜನ ಸತ್ತದ್ದು ಬರೀ ಬಿಸಿಯಿಂದಲ್ಲ, ಮೈಯ ಗಾಬರಿಯಿಂದ ಎಂದು ನಮ್ಮ ಹಿರಿಯರು ಬರೆದಿಟ್ಟಿದ್ದಾರೆ. ಗುಂಡಿಗೆ ತಾನಾಗಿ ಬಡಿಯುತ್ತದೆ, ಆದರೆ ಎಷ್ಟು ಜೋರಾಗಿ ಬಡಿಯಬೇಕೆಂದು ನರ ಹೇಳಬೇಕು. ಹೊಟ್ಟೆ ತಾನಾಗಿ ಅರೆಯುತ್ತದೆ, ಆದರೆ ಹುಲಿ ಎದುರಿಗೆ ಬಂದಾಗ ಅರೆಯುವುದು ನಿಲ್ಲಿಸಿ ರಕ್ತವನ್ನು ಕಾಲಿಗೆ ಕೊಡು ಎಂದು ನರ ಹೇಳಬೇಕು. ಬೆವರಿಗೆ, ಉಸಿರಿಗೆ, ಬಾಯಿಯ ನೀರಿಗೆ, ಮೂತ್ರದ ಚೀಲಕ್ಕೆ, ಎಲ್ಲಕ್ಕೂ ಅದೇ ಸುದ್ದಿ ಮುಟ್ಟಿಸಬೇಕು. ಮಿದುಳಿನ ಬುಡದಿಂದ ಹೊರಟು ಕೊರಳ ಪಕ್ಕದಲ್ಲಿ ಇಳಿದು ಗುಂಡಿಗೆ, ಶ್ವಾಸಕೋಶ, ಹೊಟ್ಟೆ, ಕರುಳು ಎಲ್ಲರ ಮನೆಗೂ ಹೋಗಿ ಬರುವ ಒಂದು ಉದ್ದದ ನರವಿದೆ. ಆ ನರದ ಮೇಲೆ ಕೂರುವ ಎರಡು ಬೆರಳಗಲದ ಪಟ್ಟಿಯೇ ನಮ್ಮ ಹದಪಟ್ಟಿ. ನರ ಹೇಳಬೇಕಾದ್ದನ್ನು ಅದು ಹೇಳುತ್ತಿತ್ತು. ಎಲ್ಲವನ್ನೂ ಹದದಲ್ಲಿ ಇಡುತ್ತಿತ್ತು. ಹುಟ್ಟಿದ ನಲವತ್ತನೇ ದಿನ ಚಿಕ್ಕ ಪಟ್ಟಿ, ಹತ್ತನೇ ವರ್ಷಕ್ಕೆ ದೊಡ್ಡದು. ಐದು ತಲೆಮಾರು ಹಾಗೆ ಬದುಕಿದೆವು.

ಚೆನ್ನಾಗಿಯೇ ಬದುಕಿದೆವು, ಸುಳ್ಳು ಹೇಳಬಾರದು. ನನ್ನ ಗುಂಡಿಗೆ ಅರವತ್ತು ವರ್ಷ ನಿಮಿಷಕ್ಕೆ ಎಪ್ಪತ್ತೆರಡೇ ಸಲ ಬಡಿಯಿತು, ಅಪ್ಪ ಸತ್ತ ದಿನವೂ ಸೇರಿ. ಮಧ್ಯಾಹ್ನ ಹನ್ನೆರಡೂವರೆಗೆ ಇಡೀ ಓಣಿಗೆ ಒಟ್ಟಿಗೆ ಹಸಿವಾಗುತ್ತಿತ್ತು. ಬೆಳಿಗ್ಗೆ ಆರಕ್ಕೆ ಇಡೀ ಓಣಿಗೆ ಒಟ್ಟಿಗೆ ಇನ್ನೊಂದು ಆಗುತ್ತಿತ್ತು, ಆ ಸಾಲಿನಲ್ಲಿ ನಿಂತೇ ನಾನು ಅರ್ಧ ಆಯುಷ್ಯ ಕಳೆದಿದ್ದೇನೆ. ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡಿ, ರೊಟ್ಟಿ ತಿಂದು, ಕೈ ತೊಳೆದು, ಎಪ್ಪತ್ತೆರಡರಲ್ಲೇ ಹೋಗುತ್ತಿದ್ದರು. ಬಾಣಂತಿಗೆ ಪಟ್ಟಿಯೇ ದಿನಕ್ಕೆ ಆರು ಸಲ ಗಂಟೆಗೆ ಸರಿಯಾಗಿ ಹಾಲು ಇಳಿಸುತ್ತಿತ್ತು. ಕೂಸು ನಡುವೆ ಅತ್ತರೆ ಕಾಯಬೇಕು, ಅಷ್ಟೆ.

ಮೂವತ್ತೊಂದು ವರ್ಷದ ಹಿಂದೆ ಪಟ್ಟಿಗಳು ಸಾಯಲು ಶುರುವಾದವು. ಮಾಡುವ ವಿದ್ಯೆ ಯಾರಿಗೂ ಉಳಿದಿರಲಿಲ್ಲ. ಪಟ್ಟಿ ಸತ್ತವರನ್ನು ಬರಿಗೊರಳಿನವರು ಎಂದೆವು. ಮೊದಲ ಬರಿಗೊರಳಿನವರಲ್ಲಿ ಒಬ್ಬರು ಶಾಲೆಯ ಘಾಳೆಪ್ಪ ಮಾಸ್ತರ್. ಓಣಿಯ ಸಭೆಯಲ್ಲಿ ಮಾತಾಡಲು ಎದ್ದು ನಿಂತರು. ನಾಲಿಗೆ ಒಣಗಿತು, ಮೊಣಕಾಲು ನಡುಗಿತು, ಅಂಗೈ ಬೆವರಿತು. ಮನುಷ್ಯ ಸಾಯುತ್ತಿದ್ದಾನೆ ಎಂದು ನಾಲ್ಕು ಜನ ಹಿಡಿದು ಮಂಚಕ್ಕೆ ಕಟ್ಟಿ ಇನ್ನೊಬ್ಬರ ಪಟ್ಟಿ ತೊಡಿಸಿದರು. ಕಟ್ಟಿದ್ದಕ್ಕೆ ಅವರಿಗೆ ಇನ್ನಷ್ಟು ನಡುಕ ಬಂತು. ನನ್ನ ಕೆಲಸ ಹುಟ್ಟಿದ್ದು ಆ ಮಂಚದ ಪಕ್ಕದಲ್ಲಿ. ಮೈ ಬರಿದಾಗಿದ್ದ ನಿಮ್ಮ ಕಾಲದಲ್ಲಿ ಜನ ಇದನ್ನೆಲ್ಲ ಏನೆಂದು ಕರೆದಿದ್ದರು ಎಂದು ಹಳೆಯ ಕಾಗದಗಳಲ್ಲಿ ಹುಡುಕಿ ಬರೆದಿಡುವುದು, ಹೊಸ ಬರಿಗೊರಳಿನವರಿಗೆ ಓದಿ ಹೇಳುವುದು. ಇದು ರೋಗವಲ್ಲ, ಇದಕ್ಕೆ ಹೆಸರಿದೆ ಎಂದು ಹೇಳಿದರೆ ಅರ್ಧ ಗಾಬರಿ ಇಳಿಯುತ್ತಿತ್ತು. ಆ ಹೆಸರುಗಳೇ ಮೈಮಾತು.

ನೀವು ಎಷ್ಟೊಂದು ಬರೆದಿಟ್ಟಿದ್ದೀರಿ! ಎದೆ ಝಲ್ಲೆಂದಿತು, ಕೈಕಾಲು ತಣ್ಣಗಾಯಿತು, ಬಾಯಲ್ಲಿ ನೀರೂರಿತು, ಗಂಟಲು ಕಟ್ಟಿತು, ಮೈ ಜುಮ್ಮೆಂದಿತು. ಆದರೆ ಯಾವುದು ಮೈಗೆ ಆದದ್ದು, ಯಾವುದು ಮಾತಿಗೆ ಅಂದದ್ದು ಎಂದು ಒಬ್ಬರೂ ಬರೆಯಲಿಲ್ಲ. ತಂಗಿಯ ಹೊಸ ಕೋಣೆ ನೋಡಿ ಹೊಟ್ಟೆಕಿಚ್ಚು ಬಂದ ಹೆಂಗಸಿಗೆ ನಾನು ಮೂರು ದಿನ ಮಜ್ಜಿಗೆ ಕುಡಿಸಿದ್ದೇನೆ. ತಲೆಬಿಸಿಯಾದವರಿಗೆ ಒದ್ದೆ ಬಟ್ಟೆ ಸುತ್ತಿದ್ದೇನೆ. ಕೋಪ ಮೂಗಿನ ತುದಿಯಲ್ಲಿರುತ್ತದೆ ಎಂದು ಓದಿ ಒಬ್ಬರ ಮೂಗನ್ನು ದೀಪ ಹಿಡಿದು ನೋಡಿ ಬೈಸಿಕೊಂಡಿದ್ದೇನೆ. ಇವೆಲ್ಲ ನಕ್ಕು ಮರೆಯುವ ತಪ್ಪುಗಳು, ಓಣಿಯಲ್ಲಿ ಈಗಲೂ ನಗುತ್ತಾರೆ.

ನಗಲಾಗದ ತಪ್ಪು ಇಪ್ಪತ್ಮೂರು ವರ್ಷದ ಹಿಂದಿನದು. ಯಾರೋ ಸೂಲಗಿತ್ತಿಯ ಹಳೆಯ ನೋಟುಪುಸ್ತಕದ ಒಂದು ಹಾಳೆ ಸಿಕ್ಕಿತು, ಮೇಲೆ ಕೆಳಗೆ ಗೆದ್ದಲು ತಿಂದಿತ್ತು. ಉಳಿದಿದ್ದದ್ದು ಇಷ್ಟು: ಕೂಸು ಅತ್ತ ಕೂಡಲೆ ಇಬ್ಬರು ತಾಯಂದಿರು ತೊರೆದರು. ಒಬ್ಬಳು ಮಾತ್ರ ತೊರೆಯಲಿಲ್ಲ. ಅವಳದೇ ಚಿಂತೆ. ತೊರೆ ಎಂದರೆ ಹಳ್ಳ ಎಂದು ಗೊತ್ತಿತ್ತು, ತೊರೆಯುವುದು ಎಂದರೆ ಬಿಟ್ಟುಹೋಗುವುದು ಎಂದೂ ಗೊತ್ತಿತ್ತು. ಮೂರನೇ ಅರ್ಥವಿರಬಹುದೆಂದು ನನಗೆ ಹೊಳೆಯಲಿಲ್ಲ. ಬರಿಗೊರಳಿನ ತಾಯಿ ಕೂಸಿನ ಅಳು ಕೇಳಿದರೆ ಅದನ್ನು ಬಿಟ್ಟುಹೋಗುತ್ತಾಳೆ, ಮೂವರಲ್ಲಿ ಇಬ್ಬರು ಹಾಗೆ ಮಾಡುತ್ತಾರೆ ಎಂದು ಓದಿಕೊಂಡೆ. ಕೊನೆಯ ಸಾಲು ನನ್ನನ್ನು ಕುಟುಕಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಬಿಟ್ಟುಹೋಗದವಳ ಬಗ್ಗೆ ಏಕೆ ಚಿಂತೆ? ಎಲ್ಲ ಭಾರವೂ ಉಳಿದವಳ ತಲೆಯ ಮೇಲೆ ಬೀಳುತ್ತದಲ್ಲ, ಅದಕ್ಕೇ ಇರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟು ಜಾಣತನ ನನಗೆ ಬೇಡವಾಗಿತ್ತು.

ಪಂಚರ ಮುಂದೆ ಹಾಳೆ ಇಟ್ಟೆ. ನಾನೇ ನಿಯಮ ಬರೆದುಕೊಟ್ಟೆ. ಬರಿಗೊರಳಿನ ಬಾಣಂತಿಗೆ ಕೂಸಿನ ದನಿ ಕೇಳಿಸಕೂಡದು. ಹುಟ್ಟಿದ ಕೂಡಲೆ ಕೂಸು ಓಣಿಯ ಆ ತುದಿಯ ಜತನದ ಕೋಣೆಗೆ. ಅಲ್ಲಿ ಪಟ್ಟಿಯ ಹೆಂಗಸರು ಆಡಿನ ಹಾಲು ಹಾಕಿ ಸಾಕಬೇಕು, ನಲವತ್ತನೇ ದಿನ ಚಿಕ್ಕ ಪಟ್ಟಿ ತೊಡಿಸಬೇಕು. ಬಾಣಂತಿಯ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟುತ್ತಿದ್ದೆವು. ಹತ್ತು ಹದಿನೈದು ದಿನದಲ್ಲಿ ಎದೆ ಬತ್ತುತ್ತಿತ್ತು. ನೋಡಿದಿರಾ, ಬರಿಗೊರಳಿನವರಿಗೆ ಹಾಲು ಇರುವುದಿಲ್ಲ, ಪಟ್ಟಿ ಇಲ್ಲದೆ ಕೂಸು ಉಳಿಯುವುದಿಲ್ಲ ಎಂದು ನಾವೇ ತಲೆದೂಗುತ್ತಿದ್ದೆವು. ನಮ್ಮ ನಿಯಮಕ್ಕೆ ನಮ್ಮ ನಿಯಮವೇ ಸಾಕ್ಷಿ ಹೇಳುತ್ತಿತ್ತು.

ಆ ನಿಯಮ ಮೊದಲು ಬಿದ್ದದ್ದು ನನ್ನ ಮಗಳ ಮೇಲೆ. ಚಂದ್ರಭಾಗಾಳ ಪಟ್ಟಿ ಬಸುರಿನ ಆರನೇ ತಿಂಗಳಲ್ಲಿ ಸತ್ತಿತ್ತು. ಹೆರಿಗೆಯಾಗಿ ನಾಲ್ಕನೇ ದಿನ ಅವಳು ಎಲ್ಲರ ಕಣ್ಣು ತಪ್ಪಿಸಿ ಜತನದ ಕೋಣೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಕೂಸು ಅಳುತ್ತಿತ್ತು. ಅವಳ ಕುಪ್ಪಸದ ಮುಂಭಾಗ ಒದ್ದೆಯಾಗಿತ್ತು. ನಾನು ಅದನ್ನು ಕಣ್ಣಾರೆ ನೋಡಿ ಬೆವರು ಎಂದುಕೊಂಡೆ. ಎದೆಯಲ್ಲಿ ಏನೋ ಆಗುತ್ತಿದೆ ಎಂದಳು. ಅದೇ ಬಿಟ್ಟುಹೋಗುವ ಗುಣ, ಹೆದರಬೇಡ ಎಂದು ತೋಳು ಹಿಡಿದು ವಾಪಸು ಕರೆದುಕೊಂಡು ಹೋದೆ. ಆಗ ನನಗಿನ್ನೂ ಪಟ್ಟಿ ಇತ್ತು, ನನ್ನ ಕೈ ನಡುಗಲೂ ಇಲ್ಲ. ಮರುವಾರ ಅವಳು ತಾನೇ ಬಂದು, ಸತ್ತವರೊಬ್ಬರ ಪಟ್ಟಿ ಕೇಳಿ ತೊಟ್ಟುಕೊಂಡಳು. ಇವತ್ತಿಗೂ ಅದು ಅವಳ ಕೊರಳಲ್ಲಿದೆ. ತನ್ನ ಮೈ ತನ್ನ ಕೂಸನ್ನು ಬಿಡಲು ಹವಣಿಸಿತ್ತು ಎಂದು ನಂಬಿದವಳು ಆ ಕೂಸನ್ನು ಎತ್ತಿಕೊಳ್ಳುವುದಾದರೂ ಹೇಗೆ? ಆ ಕೂಸೇ ಪುತಳಾ. ಅವಳನ್ನು ಬೆಳೆಸಿದವಳು ನಾನು.

ಆ ನಿಯಮ ಬಿದ್ದದ್ದು ಚಂದ್ರಭಾಗಾ ಸೇರಿ ಹತ್ತೊಂಬತ್ತು ತಾಯಂದಿರ ಮೇಲೆ. ಚಿಕ್ಕ ಪಟ್ಟಿಗಳೂ ಮುದಿಯಾಗುತ್ತ ಬಂದವು. ಐದು ವರ್ಷ ತುಂಬುವ ಮೊದಲೇ ಪಟ್ಟಿ ಸತ್ತ ಮೂರು ಮಕ್ಕಳ ಗುಂಡಿಗೆಗೆ ಹೇಗೆ ಬಡಿಯಬೇಕೆಂದು ತಿಳಿಯಲಿಲ್ಲ, ಮೂವರೂ ಉಳಿಯಲಿಲ್ಲ. ಮಕ್ಕಳ ಗುಂಡಿಗೆ, ಉಸಿರು, ಮೈಯ ಕಾವು ಇವುಗಳೆಲ್ಲ ತಾಯಿಯ ಮೈಗೆ ಅಂಟಿಕೊಂಡು ಹದ ಕಲಿಯುತ್ತವೆ ಎಂದು ಬಹಳ ತಡವಾಗಿ ಒಂದು ಹಳೆಯ ವೈದ್ಯರ ಕಾಗದದಲ್ಲಿ ಓದಿದೆ. ನಾವು ಅಂಟಿಕೊಳ್ಳಲು ಬಿಟ್ಟೇ ಇರಲಿಲ್ಲ. ಪುತಳಾಳ ಪಟ್ಟಿ ಅವಳ ಹದಿನೆಂಟನೇ ವರ್ಷಕ್ಕೆ ಸತ್ತಿತು, ಗಟ್ಟಿ ಹುಡುಗಿ, ಬದುಕಿಕೊಂಡಳು. ಈಗ ಅವಳ ಕೂಸಿಗೆ ತೊಡಿಸಲು ಉಳಿದಿರುವುದು ಒಂದೇ ಚಿಕ್ಕ ಪಟ್ಟಿ. ಅದು ಎರಡು ವರ್ಷ ನಡೆದರೆ ಹೆಚ್ಚು ಎಂದು ಪಟ್ಟಿಗಳ ಪೆಟ್ಟಿಗೆ ಕಾಯುವವರು ಹೇಳಿದರು. ಎರಡು ವರ್ಷದ ಮೇಲೆ ಆ ಕೂಸು ಏನಾಗುತ್ತದೆ ಎಂದು ನನಗೂ ಗೊತ್ತಿತ್ತು, ಪುತಳಾಗೂ ಗೊತ್ತಿತ್ತು.

ಪುತಳಾಳ ಹೆರಿಗೆಯಾದ ಐದನೇ ದಿನ, ಬೆಳಿಗ್ಗೆ, ನಾನು ಜತನದ ಕೋಣೆಯ ಮೇಲಿನ ಬಾವಿಬಾಯಿಯ ಕೆಳಗೆ ಹಾಲಿನ ಗಡಿಗೆಗೆ ಕಾಯುತ್ತ ಕೂತಿದ್ದೆ. ಆಡು ಕಾಯುವ ಮೆಹಬೂಬಿ ದಿನವೂ ಹಗ್ಗದಲ್ಲಿ ಗಡಿಗೆ ಇಳಿಸಿ ಹೋಗುತ್ತಾಳೆ. ಮೂವತ್ತು ವರ್ಷದಿಂದ ಇಳಿಸುತ್ತಿದ್ದಾಳೆ, ನಾನು ಅವಳ ಕೈ ಮತ್ತು ಹಗ್ಗ ಬಿಟ್ಟು ಬೇರೆ ನೋಡಿದವಳಲ್ಲ. ಆ ದಿನ ಗಡಿಗೆ ತುಂಬಿ ತುಳುಕುತ್ತಿತ್ತು. ಇಷ್ಟೊಂದು ಹೇಗೆ ಎಂದು ಕೂಗಿ ಕೇಳಿದೆ. "ಕರಿ ಆಡು ಹಾಲ ಕೊಡ್ಲಿಕ್ಕೆ ಒಲ್ಲೆ ಅಂತಿತ್ತರೀ. ಮರಿ ತಂದು ಮುಂದ ನಿಲ್ಲಿಸ್ದೆ. ಮರಿ ಒದರೋದೇ ತಡ, ತೊರದೇ ಬಿಟ್ಟಳ ನೋಡ್ರೀ" ಎಂದಳು. ತೊರೆದಳೇ? ಮರಿಯನ್ನು ಬಿಟ್ಟು ಹೋದಳೇ ಎಂದು ಕೇಳಿದೆ. ಮೆಹಬೂಬಿ ನಕ್ಕಳು. ಆ ನಗು ಬಾವಿಯೊಳಗೆ ಇಳಿದು ನನ್ನ ಸುತ್ತ ತಿರುಗಿತು. "ಬಿಟ್ಟು ಎಲ್ಲಿ ಹೋಗ್ತಾಳ್ರೀ? ಹಾಲ ಬಿಟ್ಟಳ್ರೀ! ಮರಿ ದನಿ ಕೇಳಿದ್ರ ಕೆಚ್ಚಲಕ್ಕ ಹಾಲ ತಾನೇ ಇಳಿತದ. ತೊರಿಯೋದಂದ್ರ ಅದೇ ಅಲ್ಲೇನ್ರೀ? ನಮ್ಮವ್ವ ಅಂತಿದ್ದಳು, ನಾವೂ ಅಂತೀವಿ."

ನಾನು ಬರಿಗೊರಳಿನವಳಾಗಿ ಒಂಬತ್ತು ವರ್ಷ. ಕೈಕಾಲು ತಣ್ಣಗಾಗುವುದು ಎಂದರೇನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಆ ಬೆಳಿಗ್ಗೆ ಗೊತ್ತಾಯಿತು. ಆಡಿಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ. ಆಡು ಕಾಯುವವರ ಬಾಯಲ್ಲಿ ಆ ಮಾತು ಹಾಗೆಯೇ ಉಳಿದಿತ್ತು. ಇಪ್ಪತ್ತೊಂಬತ್ತು ವರ್ಷ ನಾನು ಗೆದ್ದಲು ತಿಂದ ಕಾಗದದಲ್ಲಿ ಹುಡುಕಿದೆ, ತಲೆಯ ಮೇಲೆ ನಿಂತ ಹೆಂಗಸನ್ನು ಒಂದು ಮಾತು ಕೇಳಲಿಲ್ಲ. ಆಗಲೂ, ಹಾಲು ಎಷ್ಟು ದಿನದಲ್ಲಿ ಬತ್ತುತ್ತದೆ ಎಂದು ಮಾತ್ರ ಕೇಳಿದೆ. "ಹಿಂಡಲಿಲ್ಲಂದ್ರ ಒಂದ್ ವಾರರೀ. ಆಮ್ಯಾಲ ಏನ್ ಮಾಡಿದ್ರೂ ಕಷ್ಟ" ಎಂದು ಹಗ್ಗ ಎಳೆದುಕೊಂಡಳು. ನಮಗೆ ಉಳಿದದ್ದು ಎರಡೇ ದಿನ.

ಪಂಚರ ಹಿರಿಯ ಗುಂಡೇರಾಯರ ಹತ್ತಿರ ಹೋದೆ. ಕೆಟ್ಟ ಮನುಷ್ಯನಲ್ಲ, ಆದರೆ ನಾನೇ ಬರೆದುಕೊಟ್ಟ ನಿಯಮವನ್ನು ನನಗಿಂತ ಹೆಚ್ಚು ನಂಬಿದ ಮನುಷ್ಯ. ಎಲ್ಲ ಕೇಳಿ ಹಣೆ ಒರೆಸಿಕೊಂಡರು. "ಆಡಿನ ಮಾತ ತಂದು ಮನುಷ್ಯರಿಗೆ ಹಚ್ಚತೀರೇನ್ರೀ ನೀಲಗಂಗಮ್ಮ? ಬಿಟ್ಟು ಹೋದಳಂದ್ರ ಕೂಸಿನ ಗತಿ ಏನು? ಕಾಗದ ತರ್ರಿ, ನೋಡೋಣ" ಎಂದರು. ಈ ಅರ್ಥ ಹೇಳುವ ಕಾಗದ ನನ್ನಲ್ಲಿ ಇರಲಿಲ್ಲ. ನನಗೆ ಸಿಟ್ಟು ಬರಲಿಲ್ಲ, ಸುಸ್ತಾಯಿತು. ಅವರನ್ನು ಹೀಗೆ ಮಾತಾಡಲು ಕಲಿಸಿದವಳು ನಾನೇ.

ಮರುದಿನ ಮಧ್ಯಾಹ್ನ ಜತನದ ಕೋಣೆಯ ಹೆಂಗಸರು ಊಟಕ್ಕೆ ಕೂತಾಗ ನಾನು ಪುತಳಾಳ ಕೈ ಹಿಡಿದು ಹೊರಟೆ. ಯಾರನ್ನೂ ಕೇಳಲಿಲ್ಲ. ಎದೆ ಕಲ್ಲಾಗಿ ಅವಳಿಗೆ ತೋಳು ಇಳಿಸಲು ಆಗುತ್ತಿರಲಿಲ್ಲ, ಗೋಡೆ ಹಿಡಿದು ಬಂದಳು. ಬಿಗಿದ ಬಟ್ಟೆ ಬಿಚ್ಚಿದ್ದೆ. ಬಾಗಿಲು ಇನ್ನೂ ಹತ್ತು ಹೆಜ್ಜೆ ಇರುವಾಗ ಕೂಸು ಅತ್ತಿತು. ಪುತಳಾ ನಿಂತುಬಿಟ್ಟಳು. ನನ್ನ ತೋಳಿಗೆ ಅವಳ ಉಗುರು ನೆಟ್ಟಿತು. "ಆಯೀ, ಸೂಜಿ ಚುಚ್ಚಿದಂಗ ಆಗ್ಲತ್ತದ. ಒಳಗ ಏನೋ ಎಳದಂಗ, ಬಿಸಿ ಬಿಸಿ. ಆಯೀ, ನಾ ಬಿಟ್ಟು ಹೋಗ್ಲತ್ತೀನೇನು?" ಎಂದು ಕೇಳಿದಳು. ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಆ ಪ್ರಶ್ನೆಯನ್ನು ಅವಳ ಬಾಯಲ್ಲಿ ಇಟ್ಟವಳೂ ಈ ಆಯಿಯೇ. ಕುಪ್ಪಸದ ಎರಡೂ ಕಡೆ ಒದ್ದೆ ಹರಡುತ್ತಿತ್ತು. ನಾನು ಬೆರಳಿಂದ ಮುಟ್ಟಿ ಅವಳ ತುಟಿಗೂ ನನ್ನ ತುಟಿಗೂ ಹಚ್ಚಿದೆ. ಬೆವರಾಗಿದ್ದರೆ ಉಪ್ಪಿರಬೇಕಿತ್ತು. ಸಿಹಿ ಇತ್ತು. ಇದು ಹಾಲು, ಕೂಸಿನ ದನಿ ಕೇಳಿ ಬಂದಿದೆ, ನಡಿ ಒಳಗೆ ಎಂದೆ.

ಒಳಗೆ ಗದ್ದಲವಾಯಿತು. ಹೆಂಗಸರು ಎಂಜಲು ಕೈಯಲ್ಲೇ ಎದ್ದರು, ಒಬ್ಬಳು ಗುಂಡೇರಾಯರನ್ನು ಕರೆಯಲು ಓಡಿದಳು. ಅವರು ಬರುವಷ್ಟರಲ್ಲಿ ಕೂಸು ಎದೆಗೆ ಅಂಟಿಕೊಂಡಿತ್ತು. ಮೊದಲು ಹಾಲಿನ ರಭಸಕ್ಕೆ ನೆತ್ತಿಗೇರಿ ಕೆಮ್ಮಿತು, ಆಮೇಲೆ ಗುಟುಕು ಗುಟುಕಾಗಿ ಕುಡಿಯತೊಡಗಿತು. ಆ ಗುಟುಕಿನ ಸದ್ದು ನಾವು ಯಾರೂ ಕೇಳಿದವರಲ್ಲ. ಪಟ್ಟಿಯ ಕೂಸುಗಳು ಗಂಟೆಗೆ ಸರಿಯಾಗಿ ಬಂದದ್ದನ್ನು ಸದ್ದಿಲ್ಲದೆ ನುಂಗುತ್ತಿದ್ದವು. ಗುಂಡೇರಾಯರು ಬಾಗಿಲಲ್ಲಿ ನಿಂತು ನೋಡಿದರು. ಪುತಳಾ ಓಡಿಹೋಗುತ್ತಾಳೆಂದು ಬಾಗಿಲಿಗೆ ಅಡ್ಡ ನಿಂತವರು ಬಹಳ ಹೊತ್ತಿನ ಮೇಲೆ ತಾವೇ ಪಕ್ಕಕ್ಕೆ ಸರಿದರು. ಪುತಳಾ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಕೂತಲ್ಲೇ ತೂಕಡಿಸಿದಳು. ನಿನ್ನೆ ಪಂಚರು ಸೇರಿ ಕೂಸಿಗೆ ಪಟ್ಟಿ ಬೇಡವೆಂದು ಒಪ್ಪಿದರು. ಕೂಸು ತಾಯಿಯ ಎದೆಯ ಮೇಲೆ ಮಲಗಿ ಹದ ಕಲಿಯಲಿ ಎಂದರು. ಕಲಿಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಈ ಎಂಟನೇ ದಿನದವರೆಗೆ ಉಸಿರಾಡುತ್ತಿದೆ, ಅಳುತ್ತಿದೆ, ವೇಳೆಗೆಟ್ಟು ಹೇಲುತ್ತಿದೆ.

ಆಮೇಲೆ ಹಳೆಯ ವೈದ್ಯರ ಕಾಗದಗಳನ್ನು ಮತ್ತೆ ಕೆದಕಿದಾಗ ಸಿಕ್ಕಿದ್ದು ಇದು: ಕೂಸಿನ ಅಳು ಕಿವಿಗೆ ಬಿದ್ದದ್ದೇ ನರ ಹಿಡಿದು ಮಿದುಳಿಗೆ ಹೋಗುತ್ತದೆ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ, ಅದು ರಕ್ತಕ್ಕೆ ಒಂದು ರಸ ಬಿಡುತ್ತದೆ. ರಕ್ತ ಅದನ್ನು ಎದೆಗೆ ಒಯ್ಯುತ್ತದೆ, ಎದೆಯ ಸಣ್ಣ ಸ್ನಾಯುಗಳು ಹಿಂಡುತ್ತವೆ, ಹಾಲು ಇಳಿಯುತ್ತದೆ. ಕಿವಿ, ನರ, ಮಿದುಳು, ಗ್ರಂಥಿ, ರಕ್ತ, ಸ್ನಾಯು, ಇಷ್ಟು ಜನರ ಕೆಲಸ ಒಂದು ನಿಮಿಷದೊಳಗೆ ಮುಗಿಯುತ್ತದೆ. ಹೆದರಿಕೆ ನಡುವೆ ಬಂದರೆ ರಸ ತಡೆಯುತ್ತದೆ. ಅಷ್ಟನ್ನೂ ನೀವು ಒಂದು ಮಾತಿನಲ್ಲಿ ಹೇಳಿ, ಎಲ್ಲರಿಗೂ ತಿಳಿದದ್ದೇ ಎಂದು ಮುಂದಿನ ಸಾಲಿಗೆ ಹೋಗಿಬಿಟ್ಟಿರಿ. ನಿಮ್ಮ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಅದಕ್ಕೇ ಬೇಡುತ್ತೇನೆ: ಕೂತು ಬರೆದಿಡಿ. ಕರುಳು ಚುರುಕ್ಕೆನ್ನುವುದು ಹೊಕ್ಕುಳ ಮೇಲೋ ಕೆಳಗೋ, ಎಷ್ಟು ಹೊತ್ತು ಇರುತ್ತದೆ, ಆಗ ಹಸಿವಿರುತ್ತದೋ. ಗಂಟಲು ಕಟ್ಟಿದಾಗ ನೀರು ಕುಡಿದರೆ ಹೋಗುತ್ತದೋ. ಇದನ್ನೂ ಬರೆಯಬೇಕೇ ಎಂದು ಅನಿಸಿದ್ದನ್ನೇ ಮೊದಲು ಬರೆಯಿರಿ.

ಇಂದು ಬೆಳಿಗ್ಗೆ ಚಂದ್ರಭಾಗಾಳ ಕೋಣೆಗೆ ಹೋಗಿದ್ದೆ. ಹೋಗದೆ ಇರಲು ಹುಡುಕಿದ್ದ ನೂರು ನೆಪ ಮೂರು ದಿನಕ್ಕೆ ಮುಗಿದವು. ಅವಳು ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು, ತೊರೆಯುವುದು ಎಂದರೆ ಏನೆಂದು ಹೇಳಿದೆ. ಆ ದಿನ ಬಾಗಿಲಲ್ಲಿ ನೀನು ಬಿಟ್ಟುಹೋಗುತ್ತಿರಲಿಲ್ಲ, ನಿನ್ನ ಕುಪ್ಪಸದ ಮೇಲಿದ್ದದ್ದು ಬೆವರಲ್ಲ, ನಾನು ತಪ್ಪು ಓದಿದೆ ಎಂದೆ. ಕ್ಷಮಿಸು ಎಂದೆ, ಎರಡು ಸಲ. ಪಟ್ಟಿಯವಳು, ಮುಖದಲ್ಲಿ ಏನೂ ಕಾಣಲಿಲ್ಲ. ಮೊರದಲ್ಲಿದ್ದ ಜೋಳವನ್ನು ಪೂರ್ತಿ ಕೇರಿ, ಹೊಟ್ಟು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು. "ಹಂಗಾದ್ರ ಆ ಹಾಲ ಎಲ್ಲಿ ಹೋಯ್ತವ್ವಾ?"

ಉತ್ತರ ನನಗೆ ಗೊತ್ತಿತ್ತು. ಕುಡಿಯುವವರಿಲ್ಲದ ಹಾಲನ್ನು ಮೈ ತನ್ನೊಳಗೇ ಹಿಂದಕ್ಕೆ ಹೀರಿಕೊಳ್ಳುತ್ತದೆ, ಹದಿನೈದು ದಿನ ಸಾಕು ಎಂದು ಓದಿದ್ದೇನೆ. ಅವಳಿಗೆ ಹೇಳಲಿಲ್ಲ.

ನಿಮ್ಮ ನಂತರದವಳು,
ನೀಲಗಂಗಾ